ಹೊತ್ತಿಗೆ ಒದಗದ ಮಾತು

ಕಳೆದ ರಾಜ್ಯೋತ್ಸವದ ಸಂಜೆ ಅಹಮದಾಬಾದಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಸಂಚಿಕೆಯ ಮಾತನ್ನು ಆರಂಭಿಸುತ್ತೇನೆ. ನಾಡಗೀತೆ, ಸಮೂಹನೃತ್ಯ, ಬಹುಮಾನ ವಿತರಣೆಗಳ ನಡುವೆ 'ನಗೆ ಮಾತು' ಎಂಬ ತಲೆಬರಹದಡಿ ವಡೋದರೆಯ ತರುಣಿಯೊಬ್ಬಳಿಗೆ ಹತ್ತು ನಿಮಿಷಗಳನ್ನು ಕೊಟ್ಟಿದ್ದೆವು. ಆಕೆ ಅಲ್ಲಿಯೇ ಹುಟ್ಟಿ ಬೆಳೆದವಳು. ತಂದೆತಾಯಿ ಧಾರವಾಡ ಸೀಮೆಯವರು. ಶನಿವಾರ ಸಂಜೆಗಳಲ್ಲಿ ಕಾಫಿ ಅಂಗಡಿಗಳ ಸಣ್ಣ ವೇದಿಕೆಗಳ ಮೇಲೆ, ಒಂದು ಮೈಕನ್ನು ಹಿಡಿದು ಒಬ್ಬಳೇ ನಿಂತು, ಗುಜರಾತಿ ಮತ್ತು ಹಿಂದಿಯಲ್ಲಿ ಜನರನ್ನು ನಗಿಸುವ ಅಭ್ಯಾಸವುಳ್ಳವಳು. ಈ ಕಾಲದವರು 'ಸ್ಟ್ಯಾಂಡ್ ಅಪ್' ಎಂದು ಕರೆಯುವ ಕಲೆ ಅದು. ಕನ್ನಡದಲ್ಲಿ ಆಕೆಗೆ ಅದೇ ಮೊದಲು.

ಮೂರನೆಯ ನಿಮಿಷ ನಡೆಯುತ್ತಿತ್ತು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಯಾವ ಕುಹಕವೂ ಇಲ್ಲದೆ, ಮನೆಯ ಜಗಲಿಯ ಮೇಲೆ ಕುಳಿತಂತೆ ಗಟ್ಟಿಯಾಗಿ ಕೇಳಿಬಿಟ್ಟರು: "ಯವ್ವಾ, ನೀ ಯಾವೂರಾಕಿ?" ಹುಡುಗಿ ನಿಂತುಬಿಟ್ಟಳು. ಆ ಪ್ರಶ್ನೆ ಆಕೆ ಬಾಯಿಪಾಠ ಮಾಡಿಕೊಂಡು ಬಂದಿದ್ದ ಹಾಳೆಯಲ್ಲಿ ಇರಲಿಲ್ಲ. ತುಸು ಹೊತ್ತಿನ ಮೌನದ ಬಳಿಕ ಉತ್ತರ ಬಂತು, ಗುಜರಾತಿಯಲ್ಲಿ ಬಂತು. ಚುರುಕಾದ ಉತ್ತರವೇ, ಸಭೆ ನಕ್ಕಿತು. ಆದರೆ ಅಲ್ಲಿಂದ ಕನ್ನಡದ ಎಳೆ ಮತ್ತೆ ಆಕೆಯ ಕೈಗೆ ಸಿಗಲಿಲ್ಲ. ಎರಡು ಸಲ ಮೊದಲಿನಿಂದ ಹಿಡಿಯಲು ನೋಡಿ, ಕೈಮುಗಿದು ಇಳಿದು ಹೋದಳು. ಆಮೇಲೆ ಚಹಾದ ಮೇಜಿನ ಬಳಿ ನಾನು ಏನೋ ಸಮಾಧಾನ ಹೇಳಲು ಹೋದಾಗ ಆಕೆ ಹೇಳಿದ್ದು ಇಷ್ಟು: "ಅಂಕಲ್, ನನಗೆ ಕನ್ನಡ ಬರುತ್ತದೆ. ಆದರೆ ಹೊತ್ತಿಗೆ ಬರುವುದಿಲ್ಲ."

ಮೂವತ್ತು ವರ್ಷಗಳಿಗೂ ಮೀರಿ ಈ ರಾಜ್ಯದಲ್ಲಿ ನೆಲೆಸಿ, ಸಂಘದ ಕೆಲಸಗಳಲ್ಲಿ ತೊಡಗಿಕೊಂಡಿರುವ ನನಗೆ ಆ ಮಾತು ಈಗಲೂ ಬಿಟ್ಟುಹೋಗಿಲ್ಲ. ನಾವು ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿದ್ದೇವೆ ಎಂದು ವರ್ಷಕ್ಕೊಮ್ಮೆ ವೇದಿಕೆಯ ಮೇಲಿಂದ ಘೋಷಿಸುತ್ತೇವೆ. ನಮ್ಮ ಮಕ್ಕಳು ವಚನಗಳನ್ನು ಒಂದಕ್ಷರವೂ ತಪ್ಪದಂತೆ ಹೇಳುತ್ತಾರೆ, ಭಾವಗೀತೆಗಳನ್ನು ಹಾಡುತ್ತಾರೆ, ನಾಟಕದ ಮಾತುಗಳನ್ನು ಒಪ್ಪಿಸುತ್ತಾರೆ. ಇಳಿದು ಬಂದ ಮೇಲೆ "ಊಟ ಆಯಿತೇ?" ಎಂದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಒಪ್ಪಿಸುವ ಕನ್ನಡ ಉಳಿದಿದೆ. ಮರುನುಡಿಯುವ ಕನ್ನಡ ಸದ್ದಿಲ್ಲದೆ ಸವೆಯುತ್ತಿದೆ. ಈ ಎರಡರ ನಡುವಣ ಅಂತರವನ್ನು ಅಳೆಯುವ ಕೋಲು ನಮ್ಮ ಬಳಿ ಇರಲಿಲ್ಲ. ಆ ಹಿರಿಯರ ಒಂದು ಮುಗ್ಧ ಪ್ರಶ್ನೆ ಅದನ್ನು ಅಳೆದುಕೊಟ್ಟಿತು.

ಇಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಬೇಕು. ಆ ಹುಡುಗಿ ಹಾಳೆಗೆ ಅಂಟಿಕೊಂಡದ್ದು ಆಕೆಯ ಸ್ವಭಾವದಿಂದಲ್ಲ, ನಮ್ಮ ನಿಯಮದಿಂದ. ಕೆಲವು ವರ್ಷಗಳ ಹಿಂದೆ ಊರಿನಿಂದ ಕರೆಸಿದ್ದ ಹಾಸ್ಯಭಾಷಣಕಾರರೊಬ್ಬರು ಗುಜರಾತಿನ ಪಾನನಿಷೇಧದ ಬಗ್ಗೆ, ಇಲ್ಲಿಯವರ ಅಡುಗೆಯ ಸಿಹಿಯ ಬಗ್ಗೆ ಆಡಿದ ಮಾತುಗಳಿಂದ ಮುಂದಿನ ಸಾಲಿನ ಗುಜರಾತಿ ಅತಿಥಿಗಳ ಮುಖ ಚಿಕ್ಕದಾಗಿತ್ತು. ಅಂದಿನಿಂದ ವೇದಿಕೆಯ ಮೇಲೆ ಆಡುವ ಹಾಸ್ಯವನ್ನೆಲ್ಲ ಎರಡು ವಾರ ಮುಂಚೆಯೇ ಬರೆದು ಕೊಡಬೇಕೆಂಬ ನಿಯಮ ಮಾಡಿದೆವು. ಆ ನಿಯಮವನ್ನು ಸೂಚಿಸಿದವರಲ್ಲಿ ನಾನೂ ಒಬ್ಬ. ಈ ಹುಡುಗಿಯ ಎಂಟು ಪುಟಗಳನ್ನು ನಾವು ಮೂವರು ಕುಳಿತು ತಿದ್ದಿದೆವು, ನಾಲ್ಕು ಕಡೆ ಗೆರೆ ಎಳೆದೆವು, ಆಡುಮಾತನ್ನು ಶಿಷ್ಟಕನ್ನಡಕ್ಕೆ ತಂದೆವು. ಹೀಗೆ ಅವಳ ಬಾಯಿಯ ಕನ್ನಡವನ್ನು ತೆಗೆದು ನಮ್ಮ ಕನ್ನಡವನ್ನು ಇಟ್ಟು ಕಳಿಸಿದೆವು. ಪ್ರಶ್ನೆ ಎದುರಾದಾಗ ಅವಳ ಬಳಿ ಅವಳದೆನ್ನುವ ಕನ್ನಡ ಇರಲಿಲ್ಲವಾದರೆ ಅದರಲ್ಲಿ ಆಶ್ಚರ್ಯವೇನು?

ಸಿದ್ಧತೆಯಿಲ್ಲದೆ ಆಡುವ ಮಾತನ್ನು ನಾವು ಆಶುಮಾತು ಎನ್ನುತ್ತೇವೆ. ಅದು ಹುಟ್ಟಿನಿಂದ ಬರುವ ವರ, ಕಲಿಸಿ ಬರುವಂಥದ್ದಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಾಗೆ ನೋಡಿದರೆ ಇದಕ್ಕಿಂತ ತಪ್ಪಾದ ನಂಬಿಕೆ ಇನ್ನೊಂದಿಲ್ಲ. ಕನ್ನಡದಷ್ಟು ವ್ಯವಸ್ಥಿತವಾಗಿ ಆಶುಮಾತನ್ನು ಬೆಳೆಸಿಕೊಂಡು ಬಂದ ಭಾಷೆಗಳು ಹೆಚ್ಚಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಯಕ್ಷಗಾನದ ಪ್ರಸಂಗಪುಸ್ತಕವನ್ನು ತೆರೆದು ನೋಡಿದವರಿಗೆ ಗೊತ್ತು: ಅಲ್ಲಿರುವುದು ಪದ್ಯಗಳು. ಭಾಗವತರು ಪದ್ಯವನ್ನು ಹಾಡುತ್ತಾರೆ. ಪಾತ್ರಧಾರಿ ಅದರ ಅರ್ಥವನ್ನು ತನ್ನ ಮಾತಿನಲ್ಲಿ, ಅಲ್ಲಿಯೇ, ಆ ಕ್ಷಣಕ್ಕೆ ಕಟ್ಟಬೇಕು. ತಾಳಮದ್ದಲೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಕುಳಿತಲ್ಲಿಯೇ ಮಾತು ಮಾತ್ರದಿಂದ ಕುರುಕ್ಷೇತ್ರವನ್ನು ಕಟ್ಟಬೇಕು. ಈ ಕಲೆ ಕರಾವಳಿಗಷ್ಟೇ ಸೇರಿದ್ದೂ ಅಲ್ಲ. ತಾಳಮದ್ದಲೆಯವರಿಗೆ ದತ್ತಿ ಕೊಟ್ಟ 1556ರ ಶಾಸನ ದೊರೆತದ್ದು ಬಳ್ಳಾರಿ ಸೀಮೆಯ ಕುರುಗೋಡಿನಲ್ಲಿ.

ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆ ರಾಮದಾಸ ಸಾಮಗರು, ಕುಂಬಳೆ ಸುಂದರ ರಾಯರು ಮುಂತಾದ ಅರ್ಥಧಾರಿಗಳ ಮಾತುಗಾರಿಕೆಯನ್ನು ಧ್ವನಿಮುದ್ರಿಕೆಗಳಲ್ಲಾದರೂ ಕೇಳದ ಕರಾವಳಿಗರು ನಮ್ಮಲ್ಲಿ ವಿರಳ. ಅವರ ಮಾತು ಶೂನ್ಯದಿಂದ ಹುಟ್ಟಿದ್ದಲ್ಲ. ಪುರಾಣದ ಓದು, ಹಿಂದಿನವರನ್ನು ರಾತ್ರಿಗಟ್ಟಲೆ ಕೇಳಿದ ಕಿವಿ, ಎದುರಾಳಿ ಬಿಟ್ಟ ಒಂದು ಪದವನ್ನು ಹಿಡಿದುಕೊಳ್ಳುವ ಗಮನ, ಇವು ಮೂರೂ ಸೇರಿ ಆದದ್ದು. ಅಲ್ಲಿಯ ಇನ್ನೊಂದು ಕಟ್ಟುಪಾಡು ನನಗೆ ಬಹಳ ಮುಖ್ಯವೆನಿಸುತ್ತದೆ. ಕರ್ಣನ ಅರ್ಥಧಾರಿ ವಾದದಲ್ಲಿ ಎಷ್ಟೇ ಗೆದ್ದರೂ ಕೊನೆಗೆ ಕರ್ಣ ಸಾಯಲೇಬೇಕು. ಪ್ರಸಂಗದ ನಡೆಯನ್ನು ಮುರಿಯುವಂತಿಲ್ಲ. ಕಟ್ಟು ಇದೆ ಎಂಬ ಕಾರಣಕ್ಕೇ ಅದರೊಳಗಿನ ಸ್ವಾತಂತ್ರ್ಯಕ್ಕೆ ಅರ್ಥ ಬರುತ್ತದೆ. ಮತ್ತೊಂದು ಸಂಗತಿ, ವಿಶೇಷವಾಗಿ ನಮ್ಮಂಥವರು ಗಮನಿಸಬೇಕಾದದ್ದು: ಕರಾವಳಿಯ ಕಲಾವಿದರಲ್ಲಿ ಅನೇಕರ ಮನೆಮಾತು ಕನ್ನಡವಲ್ಲ. ತುಳುವನ್ನೋ ಕೊಂಕಣಿಯನ್ನೋ ಮಲಯಾಳವನ್ನೋ ಮರಾಠಿಯನ್ನೋ ಮನೆಯಲ್ಲಿ ಆಡುತ್ತ ಬೆಳೆದವರು ಬಂದು ಕನ್ನಡದಲ್ಲಿ ಬೆಳಗಿನವರೆಗೆ ತಡವರಿಸದೆ ಮಾತನಾಡಿದ್ದಾರೆ. ಮನೆಯಲ್ಲಿ ಇನ್ನೊಂದು ಭಾಷೆ ಇರುವುದು ಆಶುಮಾತಿಗೆ ಅಡ್ಡಿಯಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಹಾಸ್ಯದ ವಿಷಯಕ್ಕೆ ಬಂದರೆ ಯಕ್ಷಗಾನದ ಹಾಸ್ಯಗಾರನ ಕೆಲಸ ಎಲ್ಲಕ್ಕಿಂತ ಕಠಿಣವಾದದ್ದು. ದೂತ, ಬಾಗಿಲು ಕಾಯುವವನು, ಮುದುಕ, ಬ್ರಾಹ್ಮಣ ಎಂದು ಒಂದು ರಾತ್ರಿಯಲ್ಲಿ ಹಲವು ಬಾರಿ ಬರುವವನು ಆತ. ಪುರಾಣದ ರಾಜನಿಗೂ ಅಂದಿನ ಆಟ ಆಡಿಸಿದ ಊರಿಗೂ ನಡುವೆ ಸೇತುವೆ ಕಟ್ಟುವವನೂ ಆತನೇ. ವಿಟ್ಲ ಗೋಪಾಲಕೃಷ್ಣ ಜೋಷಿ, ಕುಂಜಾಲು ರಾಮಕೃಷ್ಣ, ಮಿಜಾರು ಅಣ್ಣಪ್ಪ ಮೊದಲಾದವರು ಈ ಕೆಲಸವನ್ನು ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ. ಮೇಳವೇ ಅವರಿಗೆ ಶಾಲೆಯಾಗಿತ್ತು. ಬಯಲುಸೀಮೆಯವರಿಗೆ ದೊಡ್ಡಾಟದ ಸಾರಥಿಯ ನೆನಪು ಬಂದೀತು. ಕಿರೀಟಧಾರಿಯಾಗಿ ಆರ್ಭಟಿಸುತ್ತ ಬಂದ ರಾಜನನ್ನು ನಿಲ್ಲಿಸಿ "ತಾವು ಯಾರು, ಇಲ್ಲಿಗೆ ಬಂದ ಕಾರಣವೇನು?" ಎಂದು ಕೇಳಿ, ಅವನ ಉತ್ತರದಲ್ಲಿಯೇ ನಗೆಯನ್ನು ಹುಡುಕುವವನು ಸಾರಥಿ. ನಮ್ಮ ಸಭೆಯಲ್ಲಿ ಆ ಹಿರಿಯರು ತಿಳಿಯದೆ ಮಾಡಿದ್ದು ಸಾರಥಿಯ ಕೆಲಸವನ್ನೇ. ಉತ್ತರ ಕೊಡಲು ಕಲಿಸದೆ ವೇಷ ಕಟ್ಟಿ ಕಳಿಸಿದ್ದು ನಮ್ಮ ತಪ್ಪು.

ವೃತ್ತಿರಂಗಭೂಮಿಯ ಕಡೆಗೆ ಬಂದರೆ ಗುಬ್ಬಿ ವೀರಣ್ಣನವರು (1891–1972) 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ಜನರನ್ನು ನಗಿಸಿದ ಬಗೆ ಇಂದಿಗೂ ದಂತಕಥೆ. ಮಾಸ್ಟರ್ ಹಿರಣ್ಣಯ್ಯನವರು (1934–2019) 1959ರಿಂದ ಆಡಿದ 'ಲಂಚಾವತಾರ' ಸಾವಿರಾರು ಪ್ರಯೋಗಗಳನ್ನು ಕಂಡಿತು; ಆದರೂ ಬಂದವರೇ ಮತ್ತೆ ಮತ್ತೆ ಬಂದರು. ಕಾರಣ ಸರಳ: ಬೆಳಿಗ್ಗೆಯ ಪತ್ರಿಕೆಯಲ್ಲಿ ಬಂದದ್ದು ಸಂಜೆ ಅವರ ಬಾಯಲ್ಲಿ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಮಂತ್ರಿ ಕುಳಿತಿದ್ದರೆ ಮಾತಿನ ಹರಿತ ಇನ್ನಷ್ಟು ಹೆಚ್ಚುತ್ತಿತ್ತು. ಕಥೆಯ ಚೌಕಟ್ಟು ಒಂದೇ, ಮಾತು ದಿನದಿನಕ್ಕೆ ಹೊಸದು. ಇಂದಿನ ಸ್ಟ್ಯಾಂಡ್ ಅಪ್ ಕಲಾವಿದರು ಸಭಿಕರೊಡನೆ ನೇರವಾಗಿ ಮಾತಿಗಿಳಿದು ನಗೆಯೆಬ್ಬಿಸುವುದನ್ನು ಹೊಸ ಸಾಧನೆಯೆಂಬಂತೆ ಕಾಣುವವರು ಇದನ್ನು ನೆನೆಯಬೇಕು.

ಇನ್ನೊಂದು ಪರಂಪರೆಯನ್ನೂ ಹೇಳಿಬಿಡುತ್ತೇನೆ. ಅವಧಾನದಲ್ಲಿ ಕವಿಯ ಸುತ್ತ ಎಂಟು ಜನ ಪೃಚ್ಛಕರು ಕೂರುತ್ತಾರೆ. ಅವರಲ್ಲಿ ಒಬ್ಬರ ಕೆಲಸ ಅಪ್ರಸ್ತುತಪ್ರಸಂಗ. ಅಂದರೆ ಅವಧಾನಿ ಒಂದು ಪದ್ಯದ ಸಾಲನ್ನು ಯೋಚಿಸುತ್ತಿರುವಾಗ ನಡುವೆ ಬಾಯಿ ಹಾಕಿ, ಸಂಬಂಧವಿಲ್ಲದ ಪ್ರಶ್ನೆ ಕೇಳಿ, ಅವನ ಏಕಾಗ್ರತೆಯನ್ನು ಕೆಡಿಸುವುದು. ಅವಧಾನಿ ಆ ಪ್ರಶ್ನೆಗೆ ನಗೆ ಬರುವಂತೆ ಉತ್ತರಿಸಬೇಕು, ಪದ್ಯದ ಎಳೆಯನ್ನೂ ಬಿಡಬಾರದು. ಶತಾವಧಾನಿ ಆರ್. ಗಣೇಶರ ಅವಧಾನಗಳಲ್ಲಿ ಸಾಮಾನ್ಯ ಪ್ರೇಕ್ಷಕರು ಹೆಚ್ಚು ಕಾತರದಿಂದ ಕಾಯುವುದು ಈ ಭಾಗಕ್ಕೇ. ಸಭೆಯಲ್ಲಿ ಅಡ್ಡಮಾತು ಆಡುವವನನ್ನು ಹೊರಗೆ ಕಳಿಸದೆ, ಅವನಿಗೊಂದು ಆಸನ ಕೊಟ್ಟು, ಹೆಸರಿಟ್ಟು, ಕಲೆಯ ಅಂಗವನ್ನಾಗಿಸಿದ ವಿವೇಕ ನಮ್ಮ ಹಿರಿಯರದು.

ನಾವು ನೆಲೆಸಿರುವ ಈ ನಾಡೂ ಈ ವಿಷಯದಲ್ಲಿ ಬಡನಾಡಲ್ಲ. ಉತ್ತರ ಗುಜರಾತಿನ ಭವಾಯಿ ಆಟವನ್ನು ಕಂಡವರಿಗೆ ಅದು ನಮ್ಮ ಬಯಲಾಟದ ದೂರದ ನೆಂಟನೆಂದು ತೋರದಿರದು. ಹದಿನಾಲ್ಕನೆಯ ಶತಮಾನದ ಅಸಾಯಿತ ಠಾಕರನನ್ನು ಈ ಆಟದ ಮೂಲಪುರುಷನೆಂದು ಪರಂಪರೆ ನೆನೆಯುತ್ತದೆ. ಆತ 360 ವೇಷಗಳನ್ನು, ಅಂದರೆ ಸಣ್ಣ ಆಟಗಳನ್ನು, ರಚಿಸಿದನೆಂಬುದು ಪ್ರತೀತಿ. ಐತಿಹ್ಯದ ಪ್ರಕಾರ ಉಂಝಾದ ಪಟೇಲನೊಬ್ಬನ ಮಗಳನ್ನು ಸರದಾರನೊಬ್ಬ ಸೆರೆಹಿಡಿದಾಗ, ಅಸಾಯಿತ ಆಕೆ ತನ್ನ ಮಗಳೆಂದು ಹೇಳಿ, ಅದನ್ನು ನಂಬಿಸಲು ಆಕೆಯೊಡನೆ ಒಂದೇ ಎಲೆಯಲ್ಲಿ ಉಂಡ. ಅದಕ್ಕಾಗಿ ಬ್ರಾಹ್ಮಣಸಮುದಾಯ ಆತನನ್ನು ಹೊರಹಾಕಿತು, ಆತ ಆಟಗಾರನಾದ. ಹುಡುಗಿಯೊಬ್ಬಳ ಪ್ರಾಣಕ್ಕಾಗಿ ಒಬ್ಬ ಮನುಷ್ಯ ಹೊತ್ತಿಗೆ ಸರಿಯಾಗಿ ಆಡಿದ ಒಂದು ಮಾತಿನಿಂದ ಒಂದು ಕಲೆ ಹುಟ್ಟಿತೆಂದು ಈ ನಾಡು ನಂಬಿದೆ. ಕಥೆ ಎಷ್ಟು ನಿಜವೋ, ಆ ನಂಬಿಕೆಯಂತೂ ನಿಜ.

ಭವಾಯಿಯಲ್ಲಿ ನಾಯಕನ ಜೊತೆಗೆ ರಂಗಲೋ ಎಂಬ ವಿದೂಷಕನಿರುತ್ತಾನೆ. ನಾಯಕ ಹೇಳಿದ್ದನ್ನು ತಪ್ಪಾಗಿ ತಿಳಿಯುವುದೇ ಅವನ ಕಸುಬು. ತಪ್ಪಾಗಿ ತಿಳಿಯಲು ಮೊದಲು ಸರಿಯಾಗಿ ಕೇಳಿಸಿಕೊಂಡಿರಬೇಕಲ್ಲವೇ? ಭುಂಗಳವೆಂಬ ಉದ್ದನೆಯ ತಾಮ್ರದ ಕಹಳೆಯ ನಾದ ನಿಂತೊಡನೆ ರಂಗಲೋ ಊರಿನ ಸಾಹುಕಾರನನ್ನೂ ಪಂಚರನ್ನೂ ಮಾತಿಗೆಳೆಯುತ್ತಾನೆ. ಆಧುನಿಕ ಕಾಲಕ್ಕೆ ಬಂದರೆ, 1900ರಲ್ಲಿ ಅಹಮದಾಬಾದಿನ ರಮಣಭಾಯಿ ನೀಲಕಂಠರು ಸಂಸ್ಕೃತದ ವ್ಯಾಮೋಹವನ್ನೂ ಕುರುಡು ಸಂಪ್ರದಾಯವನ್ನೂ ಗೇಲಿ ಮಾಡಿ 'ಭದ್ರಂಭದ್ರ' ಬರೆದರು. ಅದರ ಮರುವರ್ಷ ಸೂರತ್ತಿನಲ್ಲಿ ಹುಟ್ಟಿದ ಜ್ಯೋತೀಂದ್ರ ದವೆಯವರು ಗುಜರಾತಿ ವಿನೋದಸಾಹಿತ್ಯದ ದೊಡ್ಡ ಹೆಸರು. ತಾರಕ ಮೆಹತಾ, ವಿನೋದ ಭಟ್ಟ, ಬಕುಲ ತ್ರಿಪಾಠಿ ಈ ಸಾಲನ್ನು ಮುಂದುವರಿಸಿದರು. ಮಾತಿನ ವೇದಿಕೆಯಲ್ಲಿ ಥಾನಗಢದ ಶಾಹಬುದ್ದೀನ್ ರಾಠೋಡರನ್ನು ಅರಿಯದ ಗುಜರಾತಿ ಮನೆಯಿಲ್ಲ. ಶಾಲಾಶಿಕ್ಷಕರಾಗಿದ್ದ ಅವರು ತಮ್ಮ ಊರಿನ ಜನರ ಕಥೆಗಳನ್ನೇ ಹೇಳುತ್ತ 2020ರಲ್ಲಿ ಪದ್ಮಶ್ರೀ ಪಡೆದರು. ನಮ್ಮ ಹುಡುಗಿ ಗುಜರಾತಿಯಲ್ಲಿ ಚುರುಕಾಗಿ ಉತ್ತರ ಕೊಟ್ಟಳೆಂದರೆ, ಈ ಗಾಳಿಯನ್ನು ಕುಡಿದು ಬೆಳೆದವಳೆಂದು ಅರ್ಥ. ಅದನ್ನು ಕಂಡು ನಾವು ನಾಚಬೇಕಾಗಿಲ್ಲ. ಆ ಶಕ್ತಿ ಅವಳಲ್ಲಿದೆ. ಕನ್ನಡಕ್ಕೆ ಅದರ ದಾರಿ ತೆರೆದಿಲ್ಲ, ಅಷ್ಟೆ.

ಈ ದಾರಿಯನ್ನು ತೆರೆಯುವ ಬಗೆ ಹೇಗೆ? ಇಲ್ಲಿ ಸಮುದ್ರದಾಚೆಯ ಒಂದು ಉದಾಹರಣೆ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅಮೆರಿಕೆಯ ಷಿಕಾಗೋ ನಗರದ ವಯೋಲಾ ಸ್ಪೋಲಿನ್ ಎಂಬ ಮಹಿಳೆ 1930ರ ದಶಕದ ಕೊನೆಯಲ್ಲಿ ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ನಾಟಕ ಕಲಿಸುವ ಕೆಲಸದಲ್ಲಿದ್ದರು. ಒಬ್ಬೊಬ್ಬರ ಮನೆಯ ಭಾಷೆ ಒಂದೊಂದು. ಬರೆದ ನಾಟಕವನ್ನು ಕೊಟ್ಟರೆ ಮಕ್ಕಳು ಒಪ್ಪಿಸುತ್ತಿದ್ದರೇ ಹೊರತು ಆಡುತ್ತಿರಲಿಲ್ಲ. ಆಗ ಆಕೆ ಹಾಳೆಯನ್ನು ಬದಿಗಿಟ್ಟು ಆಟಗಳನ್ನು ಕಟ್ಟಿದರು: ಇಲ್ಲದ ಚೆಂಡನ್ನು ಎಸೆದು ಹಿಡಿಯುವುದು, ಎದುರಿನವನ ಕನ್ನಡಿಯಾಗುವುದು, ಇಬ್ಬರು ಒಂದೊಂದೇ ಪದ ಸೇರಿಸುತ್ತ ಕಥೆ ಹೇಳುವುದು. 1963ರಲ್ಲಿ ಈ ಆಟಗಳು ಪುಸ್ತಕವಾಗಿ ಬಂದವು. ಆಕೆಯ ಮಗ ಪಾಲ್ ಸಿಲ್ಸ್ ಗೆಳೆಯರೊಡನೆ 1959ರಲ್ಲಿ ಸ್ಥಾಪಿಸಿದ ಸೆಕೆಂಡ್ ಸಿಟಿ ರಂಗತಂಡ ಈ ಆಟಗಳ ಮೇಲೆಯೇ ನಿಂತಿತು. ಅಮೆರಿಕೆಯ ಹಾಸ್ಯನಟರ ಹಲವು ಪೀಳಿಗೆಗಳು ಅಲ್ಲಿಂದ ಹೊರಬಂದವು. ಕೀತ್ ಜಾನ್‌ಸ್ಟನ್ ಎಂಬ ಇಂಗ್ಲಿಷ್ ನಿರ್ದೇಶಕ ಕೆನಡಾದ ಕ್ಯಾಲ್ಗರಿಯಲ್ಲಿ ಇದನ್ನೇ 1977ರ ಹೊತ್ತಿಗೆ ತಂಡಗಳ ನಡುವಣ ಪಂದ್ಯವನ್ನಾಗಿ ಬೆಳೆಸಿದರು. ಇಂದು ಜಗತ್ತಿನೆಲ್ಲೆಡೆ ಹಾಸ್ಯಕಲಾವಿದರು ಕಲಿಯುವ ಆಶುಶಿಕ್ಷಣದ ಬೇರು ವಲಸಿಗರ ಮಕ್ಕಳ ಆ ತರಗತಿಯಲ್ಲಿದೆ ಎಂಬುದು ವಲಸಿಗರಾದ ನಮಗೆ ತಿಳಿದಿರಬೇಕು.

ಈ ಶಿಕ್ಷಣದ ಮೊದಲ ಪಾಠವನ್ನು ಕನ್ನಡದಲ್ಲಿ ಹೇಳುವುದಾದರೆ 'ಹೌದು, ಅಷ್ಟೇ ಅಲ್ಲ' ಎಂದು ಹೇಳಬಹುದು. ಎದುರಿನವನು ಏನೇ ಹೇಳಲಿ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಆಮೇಲೆ ಅದಕ್ಕೆ ಇನ್ನೊಂದನ್ನು ಸೇರಿಸಬೇಕು. 'ಇಲ್ಲ' ಎಂದೊಡನೆ ಆಟ ನಿಲ್ಲುತ್ತದೆ. ಎರಡನೆಯ ಪಾಠ ಕೇಳಿಸಿಕೊಳ್ಳುವುದು. ತನ್ನ ಮುಂದಿನ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತ ನಿಂತವನಿಗೆ ಎದುರಿನವನ ಮಾತು ಕೇಳಿಸುವುದಿಲ್ಲ. ಮೂರನೆಯದು ತಪ್ಪಿಗೆ ಅಂಜದಿರುವುದು. ಮಾತು ತಪ್ಪಿದರೆ ಆ ತಪ್ಪನ್ನೇ ಮುಂದಿನ ಮಾತಿಗೆ ಮೆಟ್ಟಿಲು ಮಾಡಿಕೊಳ್ಳಬೇಕು. ನಮ್ಮ ಮಕ್ಕಳಿಗೆ ಕಷ್ಟವಾಗಿರುವುದು ಈ ಮೂರನೆಯ ಪಾಠ. ಅದಕ್ಕೆ ಕಾರಣರು ನಾವೇ. ಲಿಂಗವಚನ ತಪ್ಪಿದೊಡನೆ ತಿದ್ದುತ್ತೇವೆ, ನಗುತ್ತೇವೆ, "ಇದೇನು ಕನ್ನಡ!" ಎನ್ನುತ್ತೇವೆ. ಹತ್ತು ಸಲ ಹೀಗಾದ ಮಗು ಹನ್ನೊಂದನೆಯ ಸಲ ತಪ್ಪಾಗದ ಭಾಷೆಯಲ್ಲಿ ಉತ್ತರ ಕೊಡುತ್ತದೆ; ಆ ಭಾಷೆ ಗುಜರಾತಿಯೋ ಇಂಗ್ಲಿಷೋ ಆಗಿರುತ್ತದೆ.

ಈ ನಾಡಿನಲ್ಲಿ ಆಡಬಹುದಾದ ಆಟಗಳಿಗೆ ಸಾಮಗ್ರಿಯ ಕೊರತೆಯೂ ಇಲ್ಲ. ಗುಜರಾತಿಯವರು 'ಸಾರು' ಎಂದರೆ ಒಳ್ಳೆಯದು. ನಾವು ಅನ್ನಕ್ಕೆ ಬಡಿಸಿಕೊಳ್ಳುತ್ತೇವೆ. ಅವರು 'ಮಾರು ಘರ್' ಎಂದು ಹೆಮ್ಮೆಯಿಂದ ತಮ್ಮ ಮನೆಯನ್ನು ತೋರಿಸಿದರೆ ಹೊಸದಾಗಿ ಬಂದ ಕನ್ನಡಿಗ ಬೆಲೆ ಕೇಳಿಯಾನು. ಅವರ 'ಕೇಳಾ' ಬಾಳೆಯ ಹಣ್ಣು, ನಮ್ಮ 'ಕೇಳು' ಕಿವಿಯ ಕೆಲಸ. ಈ ಎರಡು ಭಾಷೆಗಳೂ ಬಾಯಲ್ಲಿರುವವರಿಗೆ ಮಾತ್ರ ಇಂಥ ನಗೆ ಹುಟ್ಟುತ್ತದೆ. ಬೆಂಗಳೂರಿನ ಯಾವ ಹಾಸ್ಯಗಾರನಿಂದಲೂ ಇದು ಸಾಧ್ಯವಿಲ್ಲ. ನಮ್ಮ ಮಕ್ಕಳ ಕನ್ನಡ ಕೆಟ್ಟಿದೆ ಎಂದು ಮರುಗುವ ನಾವು, ಅವರ ಬಳಿ ಇರುವ ಈ ಗಂಟನ್ನು ಬಿಚ್ಚಿಯೇ ನೋಡಿಲ್ಲ.

ಆಕ್ಷೇಪಗಳಿವೆ, ಅವನ್ನು ಹಗುರವಾಗಿ ತಳ್ಳಿಹಾಕಲಾರೆ. ಹೊಸ ಹುಡುಗರ ಹಾಸ್ಯ ಅಶ್ಲೀಲವೆಂಬುದು ಒಂದು. ಸ್ವಲ್ಪಮಟ್ಟಿಗೆ ನಿಜ. ಆದರೆ ಹೆಂಡತಿಯ ದಪ್ಪ, ಸೊಸೆಯ ಸೋಮಾರಿತನ, ಅನ್ಯರ ಉಚ್ಚಾರ ಇವನ್ನೇ ಹಿಡಿದು ಗಂಟೆಗಟ್ಟಲೆ ನಗಿಸುವ ಭಾಷಣಗಳಿಗೆ ನಾವು ಕುಟುಂಬಸಮೇತ ಹೋಗಿ ಚಪ್ಪಾಳೆ ತಟ್ಟಿದ್ದೇವೆ. ಅವುಗಳಲ್ಲಿ ಕೆಟ್ಟ ಪದ ಇರಲಿಲ್ಲವೆಂಬ ಮಾತ್ರಕ್ಕೆ ಅವು ಶುದ್ಧವಾದವೇ? ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು: ಬರೆಯದ ಮಾತಿಗೆ ಹೊಣೆ ಯಾರು? ಪರನಾಡಿನಲ್ಲಿ ಒಂದು ಮಾತು ಹೆಚ್ಚಾದರೆ ಸಂಘದ ಗತಿಯೇನು?

ಈ ಭಯ ಕಾರಣವಿಲ್ಲದ್ದಲ್ಲ. ಇದೇ ರಾಜ್ಯದ ಜುನಾಗಢದಲ್ಲಿ ಹುಟ್ಟಿದ ಹಾಸ್ಯಕಲಾವಿದ ಮುನವ್ವರ್ ಫಾರೂಕಿಯನ್ನು 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧಿಸಲಾಯಿತು. ಸರ್ವೋಚ್ಚ ನ್ಯಾಯಾಲಯದಿಂದ ಮಧ್ಯಂತರ ಜಾಮೀನು ಸಿಕ್ಕಿದ್ದು ಫೆಬ್ರವರಿ 5ರಂದು. ಅದೇ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ, ಪೊಲೀಸರ ಸೂಚನೆಯ ಬಳಿಕ, ಆತನ ಪ್ರದರ್ಶನ ರದ್ದಾಯಿತು. ಆತನ ಹಾಸ್ಯ ನನಗೆ ರುಚಿಸುತ್ತದೆಯೇ ಎಂಬುದು ಬೇರೆ ಮಾತು. ಆದರೆ ಹಾಸ್ಯಕ್ಕಾಗಿ ಒಬ್ಬ ಮನುಷ್ಯ ಒಂದು ತಿಂಗಳಿಗೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕಳೆಯುವುದನ್ನು, ಲಂಚಾವತಾರಕ್ಕೆ ಸಾಲುಗಟ್ಟಿ ನಿಂತ ನಾಡಿನವರು ಸಹಜವೆಂದು ಒಪ್ಪಿಕೊಳ್ಳಬಾರದು. ಬ್ರಿಟಿಷರು 1876ರಲ್ಲಿ ತಂದ ನಾಟಕಪ್ರದರ್ಶನ ಕಾಯಿದೆ ಆಡುವ ಮೊದಲೇ ನಾಟಕದ ಬರಹವನ್ನು ತರಿಸಿಕೊಳ್ಳುವ, ಬೇಡವೆನಿಸಿದರೆ ನಿಲ್ಲಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಸಂಸತ್ತು ಅದನ್ನು ಪೂರ್ತಿಯಾಗಿ ತೆಗೆದುಹಾಕಿದ್ದು 2018ರಲ್ಲಿ. ಸರ್ಕಾರ ಕೈಬಿಟ್ಟ ಆ ಕಾಯಿದೆಯನ್ನು ನಮ್ಮ ಸಂಘದ ಕಾರ್ಯಕಾರಿ ಸಮಿತಿ, ನನ್ನ ಸಹಿಯೊಂದಿಗೆ, ಒಬ್ಬ ಹುಡುಗಿಯ ಎಂಟು ಪುಟಗಳ ಮೇಲೆ ಜಾರಿಗೆ ತಂದಿತು.

ಹೊಣೆಯ ಪ್ರಶ್ನೆಗೆ ನನ್ನ ಉತ್ತರ ಇದು. ಹೊಣೆಯನ್ನು ಹಾಳೆ ಹೊರುವುದಿಲ್ಲ, ಮನುಷ್ಯ ಹೊರಬೇಕು. ಆಶುಮಾತಿನ ಶಿಕ್ಷಣದಲ್ಲಿ ವಿವೇಕದ ಶಿಕ್ಷಣವೂ ಸೇರಿದೆ. ಯಾರನ್ನು ಕುರಿತು ನಗುತ್ತಿದ್ದೇನೆ, ಆತ ನನಗಿಂತ ಬಲಶಾಲಿಯೋ ದುರ್ಬಲನೋ, ಎದುರಿಗಿದ್ದು ಉತ್ತರ ಕೊಡಬಲ್ಲವನೋ ಇಲ್ಲವೋ ಎಂಬುದನ್ನು ಕ್ಷಣಮಾತ್ರದಲ್ಲಿ ತೂಗಲು ಕಲಿಯುವುದೇ ಈ ವಿದ್ಯೆಯ ಅರ್ಧ ಭಾಗ. ಆ ದಿನ ಗುಜರಾತಿ ಅತಿಥಿಗಳ ಮುಖ ಚಿಕ್ಕದಾದದ್ದಕ್ಕೆ ಕಾರಣ ಮಾತು ಬರೆದದ್ದಲ್ಲ ಎಂಬುದಲ್ಲ. ಆ ಭಾಷಣಕಾರರು ಹತ್ತಾರು ಊರುಗಳಲ್ಲಿ ಆಡಿ ಪಳಗಿದ ಮಾತನ್ನೇ ಇಲ್ಲಿಯೂ ಒಪ್ಪಿಸಿದರು. ಎದುರಿಗೆ ಯಾರು ಕುಳಿತಿದ್ದಾರೆಂದು ನೋಡಲಿಲ್ಲ. ಸಭೆಯನ್ನು ನೋಡಿ ಆಡುವವನಿಗೆ ಆ ಮುಖಗಳು ಕಾಣಿಸುತ್ತಿದ್ದವು. ನಾವು ಹಚ್ಚಿದ ಮದ್ದು ರೋಗಕ್ಕೆ ವಿರುದ್ಧವಾದದ್ದು.

ಈ ಜನವರಿಯ ಉತ್ತರಾಯಣದ ದಿನ ಸೂರತ್ತಿನ ಗೆಳೆಯರೊಬ್ಬರ ಮನೆಯ ಮಾಳಿಗೆಯ ಮೇಲೆ ಮೂರೂ ನಗರಗಳ ಕೆಲವು ಕುಟುಂಬಗಳು ಸೇರಿದ್ದೆವು. ಎಳ್ಳುಬೆಲ್ಲದ ಜೊತೆಗೆ ಊಂಧಿಯೂ ಇತ್ತು. ತಲೆಯ ಮೇಲೆ ಗಾಳಿಪಟಗಳು. ಆ ಹುಡುಗಿಯೂ ಬಂದಿದ್ದಳು. ವೇದಿಕೆ ಇಲ್ಲ, ಮೈಕಿಲ್ಲ, ಹಾಳೆಯಿಲ್ಲ. ರಾಜ್ಯೋತ್ಸವದಲ್ಲಿ ಪ್ರಶ್ನೆ ಕೇಳಿದ್ದ ಹಿರಿಯರೇ ಸಂಕೋಚದಿಂದ, "ಅವತ್ತು ನನ್ನಿಂದ ನಿನ್ನ ಮಾತು ಕೆಟ್ಟಿತಲ್ಲವ್ವಾ" ಎಂದರು. ಆಕೆ ಒಂದು ಕ್ಷಣ ಸುಮ್ಮನಿದ್ದು, "ಇಲ್ರೀ ಅಜ್ಜಾರ, ಇವತ್ತ ಕೇಳ್ರಿ" ಎಂದಳು. ಅವರು ಕೇಳಿದರು: "ಯಾವೂರಾಕಿ?"

ಆಕೆ ಹೇಳಿದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. "ನಮ್ಮ ಪಕ್ಕದ ಮನ್ಯಾಗ ಗುಜರಾತಿ ಅಜ್ಜಿ ಇದ್ರು. ಅವರ ಮೊಮ್ಮಗ ದಿನಾ ಸಂಜಿಗೆ 'ಬಾ' ಅಂತ ಒದರತಿದ್ದ. ಅವಂಗ ಬಾ ಅಂದ್ರ ಅಜ್ಜಿ. ನಮ್ಮ ಮನ್ಯಾಗ ಬಾ ಅಂದ್ರ ಬಾ. ಅವ ಅಜ್ಜೀನ ಕರದ್ರ ನಾ ಓಡಿ ಹೋಗತಿದ್ದೆ. ಅಜ್ಜೀನೂ ಬರತಿದ್ರು, ನಾನೂ ಬರತಿದ್ದೆ. ಅಜ್ಜಿ ಇಬ್ಬರಿಗೂ ಥೇಪ್ಲಾ ಕೊಡತಿದ್ರು. ಹಂಗಾಗಿ ಯಾವೂರಾಕಿ ಅಂದ್ರ, ಯಾರು ಬಾ ಅಂದ್ರೂ ಓಡಿ ಹೋಗೋ ಊರಾಕಿ." ಮಾತಿನಲ್ಲಿ ಎರಡು ಮೂರು ತಪ್ಪುಗಳಿದ್ದವು. ಯಾರೂ ತಿದ್ದಲಿಲ್ಲ. ಹಿರಿಯರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ತಾವೂ ತಮ್ಮ ಮೊದಲ ದಿನಗಳ ಒಂದು ಕಥೆ ಹೇಳಿದರು. ಕತ್ತಲಾಗುವವರೆಗೆ ಮಾತು ನಿಲ್ಲಲಿಲ್ಲ.

ಆದುದರಿಂದ ಎರಡು ಸಲಹೆಗಳನ್ನು ಸದಸ್ಯರ ಮುಂದಿಡುತ್ತಿದ್ದೇನೆ. ಒಂದು, ಪ್ರತಿ ತಿಂಗಳ ಎರಡನೆಯ ಭಾನುವಾರ ಅಹಮದಾಬಾದು, ವಡೋದರೆ, ಸೂರತ್ತುಗಳಲ್ಲಿ ಸರದಿಯಂತೆ ಆಶುಮಾತಿನ ಕೂಟ ನಡೆಯಲಿ. ಮಕ್ಕಳು, ತರುಣರು, ಮುದುಕರು ಎಲ್ಲರೂ ಬರಲಿ, ಹಾಳೆಯನ್ನು ಮಾತ್ರ ಯಾರೂ ತರಬಾರದು. ಧಾರವಾಡದವರೂ ಕಲಬುರಗಿಯವರೂ ಮಂಗಳೂರಿನವರೂ ಮೈಸೂರಿನವರೂ ತಮ್ಮ ತಮ್ಮ ಕನ್ನಡದಲ್ಲಿಯೇ ಆಡಲಿ. ತಾಳಮದ್ದಲೆ ಬಲ್ಲವರು ನಮ್ಮ ಹೋಟೆಲು ಬಂಧುಗಳಲ್ಲಿ ಕೆಲವರಿದ್ದಾರೆ. ಅವರು ಮೊದಲ ಗುರುಗಳಾಗಲಿ. ಕಾಫಿ ಅಂಗಡಿಗಳ ವೇದಿಕೆ ಕಂಡ ತರುಣರು ಎರಡನೆಯ ಗುರುಗಳಾಗಲಿ. ಎರಡು, ಹಾಸ್ಯವನ್ನು ಮುಂಗಡವಾಗಿ ಬರೆದು ಒಪ್ಪಿಗೆ ಪಡೆಯಬೇಕೆಂಬ ನಿಯಮವನ್ನು ಬರುವ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ರದ್ದುಪಡಿಸಬೇಕು. ಅದನ್ನು ತಂದವರಲ್ಲಿ ಒಬ್ಬನಾದ್ದರಿಂದ ರದ್ದತಿಯ ಸೂಚನೆಯನ್ನೂ ನಾನೇ ಮಂಡಿಸುತ್ತೇನೆ. ಸಮಿತಿಯಲ್ಲಿ ಇದಕ್ಕೆ ಒಮ್ಮತವಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ವಿರೋಧಿಸುವ ಗೆಳೆಯರ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಪೂರ್ಣ ಸ್ಥಳವುಂಟು. ಅವರು ಬರೆದು ಕಳಿಸಲಿ. ಸಾಧ್ಯವಾದರೆ ಸಭೆಗೇ ಬಂದು, ಹಾಳೆಯಿಲ್ಲದೆ, ನನ್ನ ಎದುರು ನಿಂತು ಹೇಳಲಿ.